ಮಿಕ್ಸಿಗೆ ವಾರಂಟಿ ಕಾರ್ಡ್ ಇದೆ, ಎದೆಯೊಳಗೆ ಇಟ್ಟಿದ್ದಕ್ಕೆ ಇಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ತನಕ್ಕೆ ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಕೃತಕ ಚೀಲ, ಹಾಕಿಸಿಕೊಳ್ಳುವವರ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಮೇಲೆ ಒಬ್ಬ ನಟಿಯ ಫೋಟೊ. ಅದರ ಕೆಳಗೆ ಅಂದದ ಹುಚ್ಚು ಅಂತ ದಪ್ಪ ಅಕ್ಷರದ ತಲೆಬರಹ. ಕೊನೆಗೆ ದೇವರು ಕೊಟ್ಟಿದ್ದರಲ್ಲಿ ತೃಪ್ತಿಯಾಗಿರಬೇಕು ಅನ್ನುವ ಬುದ್ಧಿಮಾತು. ಆ ವಸ್ತು ಯಾವುದರಿಂದ ಮಾಡಿದ್ದು, ಎಷ್ಟು ವರ್ಷ ಬಾಳಿಕೆ ಬರುತ್ತದೆ, ಒಳಗೆ ಹರಿದರೆ ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಕ್ಯಾನ್ಸರ್ ಅನ್ನುವ ಪದ ಇದೆಯಾ ಅಂತ ಎರಡು ಸಲ ಓದಿದೆ. ಅದೂ ಇಲ್ಲ.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಲೇಡೀಸ್ ಟೇಲರ್. 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಊರಿನ ಹೆಂಗಸರ ಎದೆಯ ಅಳತೆ ನನ್ನ ನೋಟ್‌ಬುಕ್ಕಿನಲ್ಲಿ ಇರುವಷ್ಟು ಯಾವ ಆಸ್ಪತ್ರೆಯ ಫೈಲಿನಲ್ಲೂ ಇರಲಿಕ್ಕಿಲ್ಲ. ಟೇಪ್ ಹಿಡಿದರೆ ಗೊತ್ತಾಗುತ್ತದೆ, ಎರಡೂ ಕಡೆ ಒಂದೇ ಸಮ ಇರುವವರು ಕಡಿಮೆ. ಅದಕ್ಕೇ ನಾವು ಒಂದು ಕಡೆ ಟಕ್ಸ್ ಸ್ವಲ್ಪ ಬಿಡುತ್ತೇವೆ, ಇನ್ನೊಂದು ಕಡೆ ಹಿಡಿಯುತ್ತೇವೆ. ಯಾರಿಗೂ ಹೇಳುವುದಿಲ್ಲ ಅಷ್ಟೆ.

ಇನ್ನು ಕೆಲವರು ಬರುವುದೇ ಸಂಜೆ ಕಡೆಗೆ, ನಾನು ಅರ್ಧ ಶಟರ್ ಎಳೆದ ಮೇಲೆ. ಕ್ಯಾನ್ಸರ್ ಆಪರೇಷನ್ ಆಗಿ ಒಂದು ಕಡೆ ಪೂರ್ತಿ ತೆಗೆಸಿಕೊಂಡವರು. ಅವರಿಗೆ ಬ್ಲೌಸಿನ ಒಳಗೆ ಜೇಬಿನ ಹಾಗೆ ಹೊಲಿದು, ಅದರಲ್ಲಿ ಇಡುವ ಪ್ಯಾಡ್ ಮಾಡಿಕೊಡುತ್ತೇನೆ. ಮೊದಲು ಬರೀ ಹತ್ತಿ ತುಂಬುತ್ತಿದ್ದೆ. ಹತ್ತಿ ಹಗುರ, ಕೈ ಎತ್ತಿದರೆ ಮೇಲಕ್ಕೆ ಬರುತ್ತದೆ, ಭುಜವೂ ಒಂದು ಕಡೆ ವಾಲಿಕೊಳ್ಳುತ್ತದೆ. ಆಮೇಲೆ ತೂಕಕ್ಕೆ ಅಂತ ತಳದಲ್ಲಿ ಸಾಸಿವೆ ಗಂಟು ಇಡುವುದು ಕಲಿತೆ. ರಾಗಿ ಹಾಕಿ ನೋಡಿದ್ದೆ, ಹುಳ ಬಿತ್ತು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು "ಅಕ್ಕಾ, ಭಟ್ಟಿ ಮುಂದ ನಿಂತರೆ ಹತ್ತಿ ಎಲ್ಲಾ ಒದ್ದಿಯಾಗ್ತತಿ, ಬದಲಿ ಮಾಡಾಕ ಎರಡು ಮಾಡಿಕೊಡ್ರಿ" ಅಂದಳು. ಎರಡು ಮಾಡಿಕೊಟ್ಟೆ. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಪ್ಯಾಡ್ ಇದೆ, ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಅದನ್ನು ಇಟ್ಟುಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬಂದವರನ್ನೇ ಕೇಳಬೇಕು.

ಈ ಹೆಂಗಸರಿಗೆ ಇಂಪ್ಲಾಂಟ್ ಅಂದರೆ ಹುಚ್ಚು ಅಲ್ಲ. ಒಬ್ಬರು ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ, ಮತ್ತೊಬ್ಬರಿಗೆ ಹಾಗೊಂದು ಇದೆ ಅಂತಲೇ ಯಾರೂ ಹೇಳಿರುವುದಿಲ್ಲ. ನನ್ನ ಸ್ವಂತ ತಂಗಿ ಬೇಕು ಅಂದವಳು. ಅವಳ ಕಥೆ ಹೇಳುವುದಕ್ಕೇ ಈ ಪತ್ರ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

2011ರಲ್ಲಿ ಅವಳಿಗೆ 38. ಪ್ರೈಮರಿ ಸ್ಕೂಲ್ ಟೀಚರ್. ಎಡಗಡೆ ಗಡ್ಡೆ ಸಿಕ್ಕಿತು. ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು, ಹೆಸರು ಬೇಡ. ಅಲ್ಲಿ ಮೂರು ದಾರಿ ಹೇಳಿದರು. ಹೊಟ್ಟೆಯ ಚರ್ಮ, ಕೊಬ್ಬು ತಂದು ಹೊಸದಾಗಿ ಕಟ್ಟುವುದು. ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವುದು. ಇಲ್ಲವೇ ಸಿಲಿಕಾನ್ ಇಂಪ್ಲಾಂಟ್. ಹೊಟ್ಟೆಯದು ದೊಡ್ಡ ಆಪರೇಷನ್, ಚೇತರಿಸಿಕೊಳ್ಳಲು ಜಾಸ್ತಿ ದಿನ. ಅವಳಿಗೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಇಂಪ್ಲಾಂಟ್ ಆಗಲಿ ಅಂದಳು. ಅದೇ ಆಪರೇಷನ್ನಿನಲ್ಲಿ ಸ್ನಾಯುವಿನ ಅಡಿಯಲ್ಲಿ ಇಟ್ಟು ಹೊಲಿದರು. ಆರು ತಿಂಗಳಾದ ಮೇಲೆ ನಾನೇ ಬ್ಲೌಸ್ ಹೊಲಿದೆ, ಒಂದು ಟಕ್ಸ್ ಕೂಡ ಬದಲಾಯಿಸಬೇಕಾಗಲಿಲ್ಲ. ಅವತ್ತು ಅವಳು ಕನ್ನಡಿ ಮುಂದೆ ಸೆರಗು ಹಾಕಿಕೊಂಡು ಎಷ್ಟು ಹೊತ್ತು ನಿಂತಿದ್ದಳೋ ನನಗೆ ಗೊತ್ತು. ಅದನ್ನು ಹುಚ್ಚು ಅಂತ ಬರೆಯುವವರು ಒಮ್ಮೆ ನನ್ನ ಅಂಗಡಿಗೆ ಬಂದು ಕೂತುಕೊಳ್ಳಲಿ.

ಇಷ್ಟೆಲ್ಲ ಆದಾಗ ನಾವು ಕೇಳದೆ ಬಿಟ್ಟ ಪ್ರಶ್ನೆ ಒಂದೇ. ಇಟ್ಟಿದ್ದು ಯಾವುದು?

ಈಗ ಆ ವಸ್ತುವಿನ ಬಗ್ಗೆ. ನಿಮ್ಮ ಲೇಖಕರು ಬಿಟ್ಟಿದ್ದನ್ನು ನಾನೇ ಹೇಳುತ್ತೇನೆ. ತಂಗಿಯ ಮಗಳು ಈಗ ನರ್ಸಿಂಗ್ ಮುಗಿಸಿದ್ದಾಳೆ, ಅವಳು ಓದಿ ಹೇಳಿದ್ದು, ನಾನು ಓದಿಕೊಂಡಿದ್ದು ಎರಡೂ ಸೇರಿದೆ.

ಇದು ಇವತ್ತಿನ ಫ್ಯಾಷನ್ ಅಲ್ಲ. 1895ರಲ್ಲೇ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಚೆರ್ನಿ ಅನ್ನುವ ಸರ್ಜನ್, ಗಡ್ಡೆ ತೆಗೆದ ಒಬ್ಬ ಮಹಿಳೆಯ ಎದೆಗೆ ಅವರದೇ ಮೈಯಲ್ಲಿದ್ದ ಕೊಬ್ಬಿನ ಗಂಟನ್ನು ತಂದು ಇಟ್ಟಿದ್ದರು. ಅಂದರೆ ಶುರುವಾಗಿದ್ದೇ ಕಾಯಿಲೆಯಿಂದ ಹೋದದ್ದನ್ನು ತುಂಬುವುದಕ್ಕೆ. ಆಮೇಲೆ ಅಡ್ಡದಾರಿಗಳು ಬಂದವು. ಪ್ಯಾರಾಫಿನ್, ಅಂದರೆ ಮೇಣವನ್ನು ಸೂಜಿಯಲ್ಲಿ ಚುಚ್ಚಿದರು. ಅದು ಒಳಗೆ ಗಂಟುಗಂಟಾಗಿ, ಹುಣ್ಣಾಗಿ, ಎಷ್ಟೋ ಜನ ನರಳಿದರು. 1950ರ ಸುಮಾರಿಗೆ ಸ್ಪಂಜು ಇಟ್ಟರು, ಅದು ಕುಗ್ಗಿ ಕಲ್ಲಾಯಿತು. ಜಪಾನಿನಲ್ಲಿ, ಅಮೆರಿಕದಲ್ಲಿ ಸಿಲಿಕಾನ್ ಎಣ್ಣೆಯನ್ನೇ ನೇರವಾಗಿ ಚುಚ್ಚಿಸಿಕೊಂಡವರಿದ್ದಾರೆ. ಅವರ ಪಾಡು ಬೇಡ. ಈಗಲೂ ಯಾರಾದರೂ ಸೂಜಿಯಲ್ಲಿ ಸಿಲಿಕಾನ್ ಹಾಕುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ, ಅಷ್ಟೆ.

ಇವತ್ತಿನ ಇಂಪ್ಲಾಂಟ್ ಬಂದಿದ್ದು ಅಮೆರಿಕದ ಹ್ಯೂಸ್ಟನ್ನಿನಿಂದ. ಫ್ರಾಂಕ್ ಜೆರೋ ಅನ್ನುವ ಸರ್ಜನ್ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಒತ್ತಿದಾಗ ಇದು ಮುಟ್ಟುವುದಕ್ಕೆ ಸ್ತನದ ಹಾಗೇ ಇದೆಯಲ್ಲ ಅಂತ ಹೊಳೆಯಿತಂತೆ. ಜೆರೋ ಮತ್ತು ಥಾಮಸ್ ಕ್ರೋನಿನ್ ಸೇರಿ, ಡೌ ಕಾರ್ನಿಂಗ್ ಅನ್ನುವ ಸಿಲಿಕಾನ್ ಕಂಪನಿಯ ಜೊತೆ, ಸಿಲಿಕಾನ್ ರಬ್ಬರಿನ ಚೀಲದೊಳಗೆ ಸಿಲಿಕಾನ್ ಜೆಲ್ ತುಂಬಿದ ವಸ್ತು ಮಾಡಿದರು. ಮೊದಲು ಎಸ್ಮೆರಾಲ್ಡಾ ಅನ್ನುವ ನಾಯಿಗೆ ಹಾಕಿ ನೋಡಿದರು. ಅದು ತನ್ನ ಹೊಲಿಗೆಯನ್ನೇ ಕಚ್ಚಿಕೊಳ್ಳುವುದಕ್ಕೆ ಶುರು ಮಾಡಿದ ಮೇಲೆ ತೆಗೆದುಬಿಟ್ಟರಂತೆ. 1962ರಲ್ಲಿ ಮೊದಲ ಮಹಿಳೆಗೆ ಹಾಕಿದರು. ಆರು ಮಕ್ಕಳ ತಾಯಿ ಅವರು. ಹಚ್ಚೆ ಅಳಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದವರನ್ನು ಇದಕ್ಕೆ ಒಪ್ಪುತ್ತೀರಾ ಅಂತ ಕೇಳಿದ್ದಾರೆ. ನನಗೆ ಅದಕ್ಕಿಂತ ಮುಂದಕ್ಕೆ ಚಾಚಿರುವ ಕಿವಿ ಸರಿಮಾಡಿಸಿಕೊಳ್ಳುವ ಆಸೆ ಅಂದರಂತೆ ಅವರು. ಸರಿ, ಎರಡೂ ಮಾಡೋಣ ಅಂತ ಒಪ್ಪಂದ ಆಯಿತು! ಈ ಕಥೆ ಓದಿ ನಾನು ನಕ್ಕೆ, ಆಮೇಲೆ ನಗು ನಿಂತಿತು. ಅವರು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಆ ಮೊದಮೊದಲ ಇಂಪ್ಲಾಂಟಿನ ಹಿಂಬದಿಗೆ ಡೇಕ್ರಾನ್ ಬಟ್ಟೆಯ ತೇಪೆ ಹಾಕಿರುತ್ತಿದ್ದರು, ಜರುಗದೆ ಹಿಡಿದುಕೊಳ್ಳಲಿ ಅಂತ. ನಾವು ಪಾಲಿಸ್ಟರ್ ಅನ್ನುತ್ತೇವಲ್ಲ, ಅದೇ. ಚೀಲವೂ ದಪ್ಪ, ಜೆಲ್ಲೂ ದಪ್ಪ. 70ರ ದಶಕದಲ್ಲಿ ಮೃದು ಬೇಕು ಅಂತ ಚೀಲ ತೆಳುವಾಗಿಸಿದರು, ಜೆಲ್ ನೀರಾಗಿಸಿದರು. ಜಿನುಗುವುದು, ಒಡೆಯುವುದು ಜಾಸ್ತಿ ಆಯಿತು. ಬಟ್ಟೆಯಲ್ಲೂ ಹಾಗೇ ತಾನೆ, ಮೆತ್ತಗಿದೆ ಅಂತ ತೆಳು ತೆಗೆದುಕೊಂಡರೆ ಹೊಲಿಗೆ ಪಕ್ಕದಲ್ಲೇ ಪಿಸಿಯುತ್ತದೆ. ಆಮೇಲೆ ಮತ್ತೆ ಚೀಲ ಗಟ್ಟಿಮಾಡಿ, ಜಿನುಗದ ಹಾಗೆ ಪದರ ಕೊಟ್ಟರು. ಈಗ ಬರುವ ಜೆಲ್ ಗಿಣ್ಣಿನ ಹಾಗೆ. ಕೊಯ್ದರೂ ಹರಿಯದೆ ನಿಲ್ಲುತ್ತದೆ. ಫ್ರಾನ್ಸಿನವರು 60ರ ದಶಕದಲ್ಲೇ ಇನ್ನೊಂದು ತಂದಿದ್ದರು, ಸಲೈನ್ ಇಂಪ್ಲಾಂಟ್. ಚೀಲ ಸಿಲಿಕಾನಿನದೇ, ಒಳಗೆ ಉಪ್ಪುನೀರು. ಖಾಲಿ ಚೀಲ ಒಳಗಿಟ್ಟು ಆಮೇಲೆ ತುಂಬಬಹುದು, ಹಾಗಾಗಿ ಗಾಯ ಚಿಕ್ಕದು. ಒಡೆದರೆ ನೀರನ್ನು ಮೈ ಹೀರಿಕೊಳ್ಳುತ್ತದೆ, ಆ ಕಡೆ ಇಳಿದುಹೋಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಆದರೆ ತೆಳ್ಳಗಿರುವವರಿಗೆ ಚರ್ಮದ ಮೇಲೆ ನಿರಿಗೆ ಕಾಣುತ್ತದೆ, ಮುಟ್ಟಿದರೂ ನೀರಿನ ಚೀಲದ ಹಾಗೇ.

ಆಕಾರದಲ್ಲಿ ದುಂಡಗಿನದು ಒಂದು, ಹನಿಯ ಹಾಗೆ ಕೆಳಗೆ ತುಂಬಿಕೊಂಡಿರುವುದು ಇನ್ನೊಂದು. ಮೇಲ್ಮೈಯಲ್ಲಿ ನುಣುಪು, ಒರಟು ಅಂತ ಎರಡು. ಈ ಒರಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಎಲ್ಲ ಗಲಾಟೆ ಅಲ್ಲಿಂದಲೇ.

ಮೈಯೊಳಗೆ ಹೊರಗಿನ ವಸ್ತು ಏನೇ ಇಟ್ಟರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಬ್ಲೌಸಿಗೆ ಲೈನಿಂಗ್ ಕೊಟ್ಟ ಹಾಗೆ. ಅದು ಎಲ್ಲರಿಗೂ ಆಗುವಂಥದ್ದು, ತೊಂದರೆ ಇಲ್ಲ. ಆದರೆ ನೀರಿಗೆ ಹಾಕದೆ ಲೈನಿಂಗ್ ಹೊಲಿದು, ಮೊದಲ ಒಗೆತಕ್ಕೇ ಅದು ಕುಗ್ಗಿದರೆ ಮೇಲಿನ ಬಟ್ಟೆ ಏನಾಗುತ್ತದೆ? ಸೊಟ್ಟಗಾಗಿ ಎಳೆದುಕೊಳ್ಳುತ್ತದೆ ಅಲ್ವಾ. ಕೆಲವರಿಗೆ ಈ ಪೊರೆ ಹಾಗೇ ಕುಗ್ಗಿ ಇಂಪ್ಲಾಂಟನ್ನು ಹಿಂಡುತ್ತದೆ. ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ಜೋರಾದರೆ ನೋವು. ಡಾಕ್ಟರುಗಳು ಇದನ್ನು ನಾಲ್ಕು ದರ್ಜೆ ಮಾಡುತ್ತಾರೆ, ನಾಲ್ಕನೆಯದರಲ್ಲಿ ನೋವು ಇರುತ್ತದೆ. ರೇಡಿಯೇಷನ್ ಆದವರಿಗೆ ಹೀಗಾಗುವುದು ಇನ್ನೂ ಜಾಸ್ತಿ. ಕ್ಯಾನ್ಸರಿನವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಈ ಕುಗ್ಗುವುದನ್ನು ತಪ್ಪಿಸಲಿಕ್ಕೆ, ಹನಿ ಆಕಾರದ್ದು ಒಳಗೆ ತಿರುಗದೆ ಇರಲಿಕ್ಕೆ, ಒರಟು ಮೇಲ್ಮೈ ತಂದರು. ಉದ್ದೇಶ ಒಳ್ಳೆಯದೇ ಇತ್ತು.

ಆದರೆ 2011ರಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ಸೂಚನೆ ಕೊಟ್ಟಿತು. ಇಂಪ್ಲಾಂಟ್ ಇರುವವರಲ್ಲಿ, ಆ ಪೊರೆಯ ಒಳಗೆ, ಒಂದು ಅಪರೂಪದ ಲಿಂಫೋಮಾ ಕಾಣಿಸುತ್ತಿದೆ ಅಂತ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್. 2019ರ ಜುಲೈ ಹೊತ್ತಿಗೆ ಲೆಕ್ಕ ಹಾಕಿದಾಗ ಜಗತ್ತಿನಲ್ಲಿ 573 ಪ್ರಕರಣ, 33 ಸಾವು. ಹೆಚ್ಚಿನವು ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನುವ ಒರಟು ಮಾದರಿಯವು. ಆ ತಿಂಗಳೇ ಕಂಪನಿ ಆ ಮಾದರಿಯನ್ನು ಜಗತ್ತಿನ ಎಲ್ಲ ಕಡೆಯಿಂದ ವಾಪಸ್ ಪಡೆಯಿತು. ಲಕ್ಷಾಂತರ ಜನ ಹಾಕಿಸಿಕೊಂಡಿರುವಾಗ 573 ಚಿಕ್ಕ ಸಂಖ್ಯೆ, ಸುಮ್ನೆ ಹೆದರಿಸುವುದಕ್ಕೆ ನಾನು ಬರೆಯುತ್ತಿಲ್ಲ. ಬೇಗ ಗೊತ್ತಾದರೆ ಇಂಪ್ಲಾಂಟ್ ಮತ್ತು ಪೊರೆ ಪೂರ್ತಿ ತೆಗೆದರೆ ಬಹಳಷ್ಟು ಜನ ಗುಣವಾಗುತ್ತಾರೆ. ತೊಂದರೆ ಏನೂ ಇಲ್ಲದವರು ಓಡಿಹೋಗಿ ತೆಗೆಸಬೇಕಿಲ್ಲ ಅಂತಲೂ ಎಫ್‌ಡಿಎ ಹೇಳಿತು. ಗಮನಿಸಬೇಕಾದ್ದು ಇಷ್ಟು: ಹಾಕಿಸಿಕೊಂಡು ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ, ನೋವು ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ, ಒಂದು ವಾರವೂ ಕಾಯದೆ ತೋರಿಸಬೇಕು.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ.

ನಮಗೆ ಮೊದಲ ಭಯ 2011ರ ಕೊನೆಯಲ್ಲೇ ಆಗಿತ್ತು. ಫ್ರಾನ್ಸಿನ ಪಿಐಪಿ ಕಂಪನಿಯ ಹಗರಣ ಆಗ ಪೇಪರಿನಲ್ಲಿ ಬಂತು. ವೈದ್ಯಕೀಯ ಸಿಲಿಕಾನ್ ಹಾಕುವ ಬದಲು ಕಾರ್ಖಾನೆಗೆ ಬಳಸುವ ಅಗ್ಗದ ಸಿಲಿಕಾನ್ ತುಂಬಿ ಮಾರಿದ್ದರು. ಜಗತ್ತಿನಲ್ಲಿ ಸುಮಾರು 3 ಲಕ್ಷ ಹೆಂಗಸರ ಮೈಯಲ್ಲಿ ಅದು ಇತ್ತು. ಫ್ರಾನ್ಸಿನ ಸರ್ಕಾರ ತನ್ನ ದೇಶದ 30 ಸಾವಿರ ಮಹಿಳೆಯರಿಗೆ ತೆಗೆಸಿಕೊಳ್ಳಿ ಅಂತ ಹೇಳಿತು. ಕಂಪನಿ ಶುರುಮಾಡಿದವನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆ ಆಯಿತು. ಹಗರಣದ ಸುದ್ದಿ ಬಂದಾಗ ತಂಗಿ ಕೀಮೋ ಮುಗಿಸಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮನೆಯಲ್ಲಿದ್ದಳು. ಆಸ್ಪತ್ರೆಗೆ ಫೋನ್ ಮಾಡಿದೆವು. "ನಿಮ್ಮದು ಅದಲ್ಲಮ್ಮ, ಅಮೆರಿಕದ್ದು, ಒಳ್ಳೆ ಕಂಪನಿ" ಅಂದರು. ಅಷ್ಟಕ್ಕೇ ನಾವು ಕೈಮುಗಿದು ಫೋನ್ ಇಟ್ಟೆವು. ಬರೆದು ಕೊಡಿ ಅಂತ ಕೇಳಲಿಲ್ಲ. ಇದು ನಮ್ಮ ದಡ್ಡತನ, ಒಪ್ಪಿಕೊಳ್ಳುತ್ತೇನೆ.

2019ರಲ್ಲಿ ವಾಪಸ್ ಪಡೆದ ಸುದ್ದಿ ಬಂದಾಗ ನಮಗೆ ಉಳಿದಿದ್ದು ಆ ಒಂದೇ ಪದ. ಅಮೆರಿಕದ್ದು.

ಟ್ರಂಕಿನಲ್ಲಿದ್ದ ಫೈಲನ್ನೆಲ್ಲ ಹಾಸಿಗೆಯ ಮೇಲೆ ಹರವಿದೆವು. ಬಯಾಪ್ಸಿ ರಿಪೋರ್ಟ್ ಇತ್ತು. ರಕ್ತಪರೀಕ್ಷೆಯ ಚೀಟಿಗಳು ಒಂದು ರಾಶಿ. ಔಷಧಿ ಅಂಗಡಿಯ ಬಿಲ್ಲು, ಕ್ಯಾಂಟೀನಿನ ಕೂಪನ್ ಕೂಡ ಇತ್ತು. ಡಿಸ್ಚಾರ್ಜ್ ಸಮರಿಯಲ್ಲಿ ಒಂದು ಸಾಲು, ಸಿಲಿಕಾನ್ ಇಂಪ್ಲಾಂಟ್, 300 ಸಿಸಿ. ಕಂಪನಿ ಇಲ್ಲ, ಮಾದರಿ ಇಲ್ಲ, ಒರಟೋ ನುಣುಪೋ ಇಲ್ಲ, ಲಾಟ್ ನಂಬರ್ ಇಲ್ಲ. ಇಂಪ್ಲಾಂಟಿನ ಡಬ್ಬಿಯಲ್ಲೇ ಕಿತ್ತು ಅಂಟಿಸುವ ಸ್ಟಿಕ್ಕರ್ ಬರುತ್ತದೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ರೋಗಿಯ ಕಾರ್ಡಿಗೆ. ಆ ಕಾರ್ಡ್ ನಮ್ಮ ಕೈಗೆ ಬಂದೇ ಇರಲಿಲ್ಲ. ಬಂದಿದ್ದರೆ ತಂಗಿ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿರುತ್ತಿದ್ದಳು, ಅವಳ ಸ್ವಭಾವ ನನಗೆ ಗೊತ್ತು.

ರಾತ್ರಿ ರೈಲು ಹಿಡಿದು ಹೋದೆವು. ಆ ಸರ್ಜನ್ ಬೇರೆ ಕಡೆ ಹೋಗಿದ್ದರು. ರೆಕಾರ್ಡ್ ರೂಮಿನವರು ಕಂಪ್ಯೂಟರ್ ನೋಡಿ, "2011ರದ್ದು ಇಲ್ಲ ಮೇಡಂ, ಮೂರು ವರ್ಷ ಅಷ್ಟೇ ಇಡೋದು" ಅಂದರು. ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಜಗಳ ಆಡಿದೆ. ಆಮೇಲೆ ನೋಡಿದರೆ ಅವರು ಹೇಳಿದ್ದರಲ್ಲಿ ನಿಜ ಇತ್ತು. ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು ಅಂತ ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಇದೆ. ಆದರೆ ನಾವು ಕೇಳಬೇಕಾದ ಹೊತ್ತಿನಲ್ಲಿ ಕೇಳಿರಲಿಲ್ಲ.

ನನ್ನ ಅಸಮಾಧಾನ ಇರುವುದು ಇಲ್ಲಿ, ಸಂಪಾದಕರೇ. ಇಂಪ್ಲಾಂಟ್ ಮೈಯೊಳಗೆ ಹತ್ತು ವರ್ಷ, ಹದಿನೈದು ವರ್ಷ ಇರುತ್ತದೆ. ಅದರ ಕಾಗದಕ್ಕೆ ಮೂರು ವರ್ಷ ಆಯಸ್ಸು. ನನ್ನ ಅಂಗಡಿಯ ಹೊಲಿಗೆ ಮಷೀನಿನ ರಸೀದಿ 1998ರದ್ದು, ಇನ್ನೂ ಗೋಡೆಯ ಮೊಳೆಗೆ ಸಿಕ್ಕಿಸಿದೆ. ಮಿಕ್ಸಿ ತಂದರೆ ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳದೆ ಅಂಗಡಿ ಬಿಡುವುದಿಲ್ಲ ನಾವು. ಇದಕ್ಕೆ ಮಾತ್ರ ಒಂದು ಚೀಟಿಯೂ ಇಲ್ಲ. ವಾಪಸ್ ಕರೆದ ಕಂಪನಿ ಯಾರನ್ನು ಕರೆಯಬೇಕು? ಯಾರ ಮೈಯಲ್ಲಿ ಯಾವುದಿದೆ ಅಂತ ಗೊತ್ತಿದ್ದರೆ ತಾನೆ ಕರೆಯುವುದು.

ದಾವಣಗೆರೆಗೆ ವಾಪಸ್ ಬಂದು ಇಲ್ಲೇ ಎಂಆರ್‌ಐ ಮಾಡಿಸಿದೆವು. ಅದರಲ್ಲಿ ಕಂಪನಿಯ ಹೆಸರು ಕಾಣುವುದಿಲ್ಲ, ಬೇರೇನೋ ಕಂಡಿತು. ರೇಡಿಯಾಲಜಿ ಡಾಕ್ಟರಮ್ಮ ಸ್ಕ್ರೀನ್ ತಿರುಗಿಸಿ ತೋರಿಸಿದರು. ಬಿಳಿ ಜೆಲ್ಲಿನ ನಡುವೆ ಕಪ್ಪು ಎಳೆಗಳು ಸುರುಳಿ ಸುರುಳಿಯಾಗಿ ಬಿದ್ದಿದ್ದವು. "ನೋಡಿ, ಶಾವಿಗೆ ತರ ಕಾಣ್ತಿದೆಯಲ್ಲ, ಅದು ಹರಿದ ಚೀಲ" ಅಂದರು. ಚೀಲ ಹರಿದಿದೆ, ಜೆಲ್ ಪೊರೆಯೊಳಗೇ ಉಳಿದಿದೆ. ತಂಗಿಗೆ ನೋವಿಲ್ಲ, ಊತವಿಲ್ಲ, ಆಕಾರವೂ ಬದಲಾಗಿರಲಿಲ್ಲ. ಬ್ಲೌಸಿನ ಅಳತೆ ಅದೇ, ಕಾಲು ಇಂಚೂ ವ್ಯತ್ಯಾಸ ಇಲ್ಲ, ನಾನೇ ಸಾಕ್ಷಿ. ಸಿಲಿಕಾನ್ ಒಡೆದರೆ ಹೀಗೇ ಅಂತೆ, ಸದ್ದಿಲ್ಲದೆ ಒಡೆಯುತ್ತದೆ. ಸಲೈನಿನ ಹಾಗೆ ಹೇಳಿಕೊಡುವುದಿಲ್ಲ.

ಅದಕ್ಕೇ 2021ರಲ್ಲಿ ಎಫ್‌ಡಿಎ ಹೊಸ ಸಲಹೆ ಕೊಟ್ಟಿತು. ಸಿಲಿಕಾನ್ ಇರುವವರು ಏನೂ ತೊಂದರೆ ಇಲ್ಲದಿದ್ದರೂ ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಇಂಪ್ಲಾಂಟಿನ ಜೊತೆ ಬರುವ ಮಾಹಿತಿ ಕಾಗದದಲ್ಲಿ ಕಪ್ಪು ಚೌಕದ ಎಚ್ಚರಿಕೆ, ಆಪರೇಷನ್ನಿಗೆ ಮೊದಲು ಸರ್ಜನ್ ಮತ್ತು ರೋಗಿ ಜೊತೆಗೆ ಕೂತು ಒಂದೊಂದೇ ಓದಿ ಸಹಿ ಮಾಡುವ ಪಟ್ಟಿ, ಇವೂ ಅದೇ ವರ್ಷ ಬಂದವು. ಇಂಪ್ಲಾಂಟ್ ಜೀವಮಾನದ ವಸ್ತು ಅಲ್ಲ ಅಂತ ಅದರಲ್ಲೇ ಬರೆದಿದೆ. ಅಂದಕ್ಕಾಗಿ ಹಾಕಿಸಿಕೊಂಡವರಲ್ಲೂ ನೂರಕ್ಕೆ 20 ಜನರವರೆಗೆ ಎಂಟು ಹತ್ತು ವರ್ಷದೊಳಗೆ ತೆಗೆಸಬೇಕಾಗುತ್ತದೆ ಅಂತ ಎಫ್‌ಡಿಎ ಹೇಳುತ್ತದೆ. 2011ರಲ್ಲಿ ನಮಗೆ ಇದನ್ನು ಯಾರಾದರೂ ಹೇಳಿದ್ದರಾ? ನನಗೆ ನೆನಪಿಲ್ಲ. ತಂಗಿಗೂ ಇಲ್ಲ. ಹೇಳಿದ್ದರೂ ಆ ದಿನಗಳಲ್ಲಿ ನಮ್ಮ ಕಿವಿಗೆ ಕ್ಯಾನ್ಸರ್ ಒಂದು ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಅದಕ್ಕೇ ಬರೆದು ಕೊಡಬೇಕು ಅನ್ನುವುದು.

2020ರ ಮಾರ್ಚಿನಲ್ಲಿ, ಜನತಾ ಕರ್ಫ್ಯೂಗೆ ಎರಡು ವಾರ ಮೊದಲು, ಬೇರೆ ಆಸ್ಪತ್ರೆಯಲ್ಲಿ ತೆಗೆಸಿದೆವು. ಪೊರೆಯನ್ನೂ ಸೇರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು, ಏನೂ ಇರಲಿಲ್ಲ, ದೇವರು ದೊಡ್ಡವನು. ಆಪರೇಷನ್ ಮುಗಿದ ಮೇಲೆ ಸರ್ಜನ್ ನಮ್ಮನ್ನು ಕರೆದು ಒಂದು ಸ್ಟೀಲಿನ ಬಟ್ಟಲು ತೋರಿಸಿದರು. ತೊಳೆದ ಚೀಲದ ಹಿಂಬದಿಯಲ್ಲಿ ಚಿಕ್ಕದಾಗಿ ಅಚ್ಚು ಹಾಕಿತ್ತು. ಕಂಪನಿಯ ಗುರುತು, ಅಳತೆ, ನಂಬರ್. ವಾಪಸ್ ಪಡೆದ ಮಾದರಿ ಅದಲ್ಲ. ನುಣುಪಿನದು. ಎಂಟು ತಿಂಗಳು ನಾವು ಊರೂರು ಅಲೆದು ಹುಡುಕಿದ ಚೀಟಿ ಅವಳ ಮೈಯೊಳಗೇ ಇತ್ತು.

ತಂಗಿ ಇನ್ನೊಂದು ಹಾಕಿಸಿಕೊಳ್ಳಲಿಲ್ಲ. "ಸಾಕು ಬಿಡಕ್ಕಾ, ಇನ್ನೊಂದು ಸಲ ಕಾಯೋಕೆ ಆಗಲ್ಲ" ಅಂದಳು. ಈಗ ಅವಳಿಗೂ ನಾನೇ ಪ್ಯಾಡ್ ಹೊಲಿಯುತ್ತೇನೆ. ಆದರೆ ಬೇರೆ ಯಾರಾದರೂ ಹಾಕಿಸಿಕೊಳ್ಳಲಾ ಅಂತ ಕೇಳಿದರೆ ಬೇಡ ಅಂತ ಅವಳು ಹೇಳುವುದಿಲ್ಲ. ಆ ಎಂಟು ವರ್ಷ ಚೆನ್ನಾಗಿದ್ದೆ ಅಂತಾಳೆ.

ಕಾಯಿಲೆ ಇಲ್ಲದೆ ಆಸೆಯಿಂದ ಹಾಕಿಸಿಕೊಳ್ಳುವವರ ಬಗ್ಗೆಯೂ ಎರಡು ಮಾತು. ಹುಟ್ಟಿನಿಂದಲೇ ಒಂದು ಕಡೆ ಬೆಳೆಯದ ಹುಡುಗಿಯರಿದ್ದಾರೆ. ಒಬ್ಬಳು ಮದುವೆಗೆ ಮೊದಲು ತಾಯಿಯ ಜೊತೆ ಬಂದಿದ್ದಳು, ಟೇಪ್ ಮುಟ್ಟಿಸುವುದಕ್ಕೂ ಅಳುತ್ತಿದ್ದಳು. ಸುಮ್ನೆ ಆಸೆಗೆ ಅಂತ ಹೋಗುವವರೂ ಇರಬಹುದು, ಇರಲಿ, ಅವರ ಮೈ ಅವರದು. 2018ರಲ್ಲಿ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಇದನ್ನು ಉಚಿತವಾಗಿ ಮಾಡುತ್ತೇವೆ ಅಂತ ತಮಿಳುನಾಡು ಸರ್ಕಾರ ಹೇಳಿದಾಗ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ದುಡ್ಡಿದ್ದವರು ಮಾಡಿಸಿದರೆ ಫ್ಯಾಷನ್, ಇಲ್ಲದವರು ಕೇಳಿದರೆ ತಮಾಷೆ. ನನಗೆ ಭಯ ಇರುವುದು ಎಲ್ಲಿ ಮಾಡಿಸುತ್ತಾರೆ ಅನ್ನುವುದರಲ್ಲಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ನಟಿ ಕೊಬ್ಬು ತೆಗೆಸುವ ಆಪರೇಷನ್ ಆಗಿ ತೀರಿಕೊಂಡಿದ್ದು ನೆನಪಿದೆಯಲ್ಲ. ಅದು ಇಂಪ್ಲಾಂಟ್ ಅಲ್ಲ, ಆದರೆ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ, ಅರಿವಳಿಕೆ ಡಾಕ್ಟರ್ ಇದ್ದಾರಾ, ಐಸಿಯು ಇದೆಯಾ ಅಂತ ಕೇಳುವುದು ಎರಡಕ್ಕೂ ಒಂದೇ.

ಸುಸ್ತು, ಕೀಲುನೋವು, ಮರೆವು ಅಂತ ಇಂಪ್ಲಾಂಟ್ ಇರುವ ಕೆಲವರು ಹೇಳಿಕೊಳ್ಳುತ್ತಾರೆ. 90ರ ದಶಕದಲ್ಲಿ ಅಮೆರಿಕದಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಗಿತ್ತು. 1992ರಲ್ಲಿ ಸಿಲಿಕಾನ್ ಇಂಪ್ಲಾಂಟನ್ನು ಸಾಮಾನ್ಯ ಬಳಕೆಗೆ ನಿಲ್ಲಿಸಿದರು, ಕ್ಯಾನ್ಸರಿನವರಿಗೆ ಮತ್ತು ಅಧ್ಯಯನಕ್ಕೆ ಮಾತ್ರ ಬಿಟ್ಟರು. ಕೇಸುಗಳ ಹೊಡೆತಕ್ಕೆ 1995ರಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಲ್ಲಿನ ತಜ್ಞರ ಸಮಿತಿ ನೋಡಿ, ಇಡೀ ಮೈಗೆ ಬರುವ ಅಂಥ ಕಾಯಿಲೆಗಳಿಗೂ ಸಿಲಿಕಾನಿಗೂ ಸಂಬಂಧ ಸಾಬೀತಾಗಿಲ್ಲ ಅಂದಿತು. 2006ರಲ್ಲಿ ಮತ್ತೆ ಬಿಟ್ಟರು. ಈಗಲೂ ಕಾರಣ ಗಟ್ಟಿಯಾಗಿ ಸಿಕ್ಕಿಲ್ಲ, ಆದರೆ ತೆಗೆಸಿದ ಮೇಲೆ ಕೆಲವರು ಹಗುರಾಗಿದ್ದೇವೆ ಅನ್ನುತ್ತಾರೆ. 2021ರ ಎಚ್ಚರಿಕೆಯಲ್ಲಿ ಅದನ್ನೂ ಸೇರಿಸಿದ್ದಾರೆ. ಹೆಂಗಸರು ಸುಸ್ತು ಅಂದರೆ ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವುದು ಡಾಕ್ಟರುಗಳಿಗೂ, ನಮ್ಮ ಮನೆಯವರಿಗೂ ಬಹಳ ಹಳೆಯ ಅಭ್ಯಾಸ.

ಈಗ ಕೇಳಿಕೊಳ್ಳುವುದು. ಇಂಪ್ಲಾಂಟ್ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಫೈಲ್ ತೆಗೆದು ನೋಡಿ. ಸ್ಟಿಕ್ಕರ್ ಇದ್ದರೆ ಫೋನಿನಲ್ಲಿ ಫೋಟೊ ತೆಗೆದು ಮಗಳಿಗೋ ತಂಗಿಗೋ ಕಳಿಸಿಡಿ. ಇಲ್ಲದಿದ್ದರೆ, ಮೂರು ವರ್ಷ ಆಗುವುದರೊಳಗೆ ಆಸ್ಪತ್ರೆಗೆ ಅರ್ಜಿ ಬರೆದು ಕೇಳಿ, ಬಾಯಿಮಾತಿನಲ್ಲಿ ಅಲ್ಲ. ಮ್ಯಾಮೊಗ್ರಾಂಗೆ ಹೋದಾಗ ಇಂಪ್ಲಾಂಟ್ ಇದೆ ಅಂತ ಟೆಕ್ನೀಷಿಯನ್‌ಗೆ ಮೊದಲೇ ಹೇಳಿ, ಅವರು ಅದನ್ನು ಹಿಂದಕ್ಕೆ ಸರಿಸಿ ಬೇರೆ ಕೋನದಲ್ಲೂ ತೆಗೆಯಬೇಕಾಗುತ್ತದೆ. ಇನ್ಷೂರೆನ್ಸಿನವರು ಪ್ಲಾಸ್ಟಿಕ್ ಸರ್ಜರಿಗೆ ಕೊಡಲ್ಲ ಅಂದರೆ ಪಾಲಿಸಿಯ ಆ ಷರತ್ತನ್ನು ಪೂರ್ತಿ ಓದಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟುವುದಕ್ಕೆ ವಿನಾಯಿತಿ ಅಂತ ಅದರಲ್ಲೇ ಇರುತ್ತದೆ. ನಮಗೆ ಮೊದಲು ಇಲ್ಲ ಅಂದಿದ್ದರು. ಒಳಗಿಟ್ಟ ಸಾಧನದಿಂದ ತೊಂದರೆಯಾದರೆ ಹೇಳಿಕೊಳ್ಳಲಿಕ್ಕೆ ಕೇಂದ್ರ ಸರ್ಕಾರದ ಒಂದು ವ್ಯವಸ್ಥೆಯೂ 2015ರಿಂದ ಇದೆ, ಔಷಧಿಗಳ ಗುಣಮಟ್ಟ ಗೊತ್ತುಮಾಡುವ ಗಾಜಿಯಾಬಾದಿನ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ನಿಮ್ಮ ಪತ್ರಿಕೆ ಅದರ ಬಗ್ಗೆ ಒಂದು ಕಾಲಂ ಬರೆದರೂ ಉಪಕಾರ ಆಗುತ್ತದೆ.

ಸರ್ಕಾರದವರು ಓದುತ್ತಾರೋ ಇಲ್ಲವೋ, ಅವರಿಗೂ ಒಂದು ಮಾತು. ಮೈಯೊಳಗೆ ಇಡುವ ವಸ್ತು ಯಾವುದೇ ಇರಲಿ, ಅದು ಒಳಗಿರುವ ತನಕ ಅದರ ದಾಖಲೆಯನ್ನು ಇಡಬೇಕು ಅಂತ ನಿಯಮ ಮಾಡಿ. ಕಾರ್ಡ್ ಕೊಡದೆ ಡಿಸ್ಚಾರ್ಜ್ ಮಾಡಬಾರದು ಅಂತ ಮಾಡಿ. ಕಾರ್ಡಿನಲ್ಲಿ ಕನ್ನಡವೂ ಇರಲಿ.

ಇನ್ನೊಂದು ಉಳಿಯಿತು. ನಿಮ್ಮ ಅದೇ ಪುರವಣಿಯಲ್ಲಿ, ಅಂದದ ಹುಚ್ಚು ಅಂತ ಬೈದ ಪುಟದ ಹಿಂದಿನ ಪುಟದಲ್ಲೇ, ಸ್ತನ ದೊಡ್ಡದಾಗಿಸುವ ಎಣ್ಣೆಯ ಜಾಹೀರಾತು ಇದೆ. 30 ದಿನದಲ್ಲಿ ಫಲಿತಾಂಶ, ಪಾರ್ಸೆಲ್ ಗುಟ್ಟಾಗಿ ಬರುತ್ತದೆ ಅಂತ. ಹೆಣ್ಣಿನ ಎದೆಯ ಆಕಾರ ಬದಲಾಯಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡಬಾರದು ಅನ್ನುವುದು 1954ರ ಕಾನೂನಿನ ಪಟ್ಟಿಯಲ್ಲೇ ಇದೆ, ನಿಮ್ಮ ಜಾಹೀರಾತು ವಿಭಾಗಕ್ಕೆ ತೋರಿಸಿ. ಆ ಎಣ್ಣೆ ತರಿಸಿ ಚರ್ಮ ಸುಟ್ಟುಕೊಂಡ ಒಬ್ಬ ಹುಡುಗಿ ಹೋದ ತಿಂಗಳು ಅಂಗಡಿಗೆ ಬಂದು, ಲೈನಿಂಗ್ ಮೆತ್ತಗಿನದು ಹಾಕಿ ಆಂಟಿ, ಉರಿಯುತ್ತೆ ಅಂದಿದ್ದಳು. ಆ ಪುಟವನ್ನು ಕತ್ತರಿಸಿ ಈ ಪತ್ರದ ಜೊತೆ ಪಿನ್ ಮಾಡಿದ್ದೇನೆ.

ಪತ್ರ ಉದ್ದ ಆಯಿತು. ಕತ್ತರಿಸುವುದಾದರೆ ನಾಯಿಯ ಕಥೆ ಕತ್ತರಿಸಿ, ಸ್ಟಿಕ್ಕರ್ ವಿಷಯ ಬಿಡಬೇಡಿ. ನನ್ನ ಹೆಸರು ಹಾಕಬೇಡಿ, ತಂಗಿಯ ಶಾಲೆಯಲ್ಲಿ ಗೊತ್ತಾಗುತ್ತದೆ.

ಒಬ್ಬ ಲೇಡೀಸ್ ಟೇಲರ್
ಕೆ.ಟಿ.ಜೆ. ನಗರ, ದಾವಣಗೆರೆ